ಸಾಕುವುದು ಮತ್ತು ಕಾಯುವುದು: ಹಸಿರು ಹಾವಿನ ವಿಚಾರವಾಗಿ ಒಂದು ಚಿಂತನೆ

ಮನುಷ್ಯನು ಪ್ರಾಣಿಗಳನ್ನು ಸಾಕುವುದು ಹೊಸದೇನಲ್ಲ. ಎತ್ತು, ಎಮ್ಮೆ, ಕುರಿ, ನಾಯಿ ಇವುಗಳಿಲ್ಲದೆ ನಮ್ಮ ರಾಯದುರ್ಗ, ಮಡಕಶಿರಾ ಸೀಮೆಯ ಒಕ್ಕಲುತನವನ್ನು ನೆನೆಸಿಕೊಳ್ಳುವುದೂ ಕಷ್ಟ. ಆದರೆ ಈಚಿನ ವರ್ಷಗಳಲ್ಲಿ ದೊಡ್ಡ ಪಟ್ಟಣಗಳ ಯುವಕರಲ್ಲಿ, ಅವರನ್ನು ನೋಡಿ ನಮ್ಮ ಕಡೆಯ ಹುಡುಗರಲ್ಲಿಯೂ, ಹಾವನ್ನು ಮನೆಯಲ್ಲಿಟ್ಟು ಸಾಕುವ ಹೊಸ ಹವ್ಯಾಸವೊಂದು ತಲೆದೋರಿದೆ. ಅದರಲ್ಲಿಯೂ ಮರದ ಮೇಲೆ ಬಾಳುವ ಹಸಿರು ಹಾವುಗಳೆಂದರೆ ಇವರಿಗೆ ಹೆಚ್ಚಿನ ಮೋಹ. ಸಾಕುವುದಕ್ಕೆ ಕಷ್ಟವಾದ ಜೀವಿ ಎಂಬುದೇ ಇದರ ಆಕರ್ಷಣೆ. ಎಲ್ಲರಿಂದಲೂ ಆಗದ್ದನ್ನು ತಾನು ಮಾಡಿದೆನೆಂಬ ಹೆಮ್ಮೆ ಅದರಲ್ಲಿ ಬೆರೆತಿರುತ್ತದೆ.

ಬೆಳೆ, ಧಾರಣೆ, ಮಕ್ಕಳ ಕನ್ನಡ ಶಾಲೆ ಎಂದು ನೂರೆಂಟು ಚಿಂತೆಗಳಿರುವಾಗ ಹಾವಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ನಮಗೆ ಇದು ಸಣ್ಣ ವಿಚಾರವೆಂದು ತೋರುವುದಿಲ್ಲ. ನಮ್ಮಿಂದ ಏನನ್ನೂ ಬೇಡದ, ನಮ್ಮನ್ನು ಒಲಿಯದ ಒಂದು ಜೀವವನ್ನು, ಪ್ರೀತಿಯಿಂದಲೇ ಆಗಲಿ, ಹಿಡಿದು ಇಟ್ಟುಕೊಳ್ಳುವುದು ದಯೆಯೋ ಅಥವಾ ಆಸೆಯೋ ಎಂಬುದು ಇಲ್ಲಿಯ ಪ್ರಶ್ನೆ. ದಯೆಯನ್ನೇ ಧರ್ಮದ ಬೇರೆಂದು ನಂಬಿದ ಶರಣರ ಮಕ್ಕಳಾದ ನಾವು ಇದಕ್ಕೆ ಉತ್ತರ ಹೇಳಿಕೊಳ್ಳಲೇಬೇಕು.

ಪೂಜ್ಯರ ಒಂದು ಪ್ರಶ್ನೆ

ಕಳೆದ ಮಳೆಗಾಲದಲ್ಲಿ ಮಡಕಶಿರಾ ಕಡೆಯ ಭಕ್ತರೊಬ್ಬರು ಶ್ರೀಮಠಕ್ಕೆ ಬಂದು ಪೂಜ್ಯರಲ್ಲಿ ತಮ್ಮ ಸಂಕಟವನ್ನು ಅರಿಕೆ ಮಾಡಿಕೊಂಡರು. ಕಾಲೇಜಿನಲ್ಲಿ ಓದುವ ಅವರ ಮಗನು ಕೆರೆಯಂಚಿನ ಹುಣಸೆಮರದಲ್ಲಿದ್ದ ಹಸಿರು ಹಾವೊಂದನ್ನು ಹಿಡಿದು ತಂದು, ಮೀನು ಸಾಕುವ ಹಳೆಯ ಗಾಜಿನ ತೊಟ್ಟಿಯಲ್ಲಿಟ್ಟು, ಮೇಲೆ ಸೊಳ್ಳೆಪರದೆ ಕಟ್ಟಿದ್ದನು. ಮನೆಯಲ್ಲಿ ತಾಯಿಗೆ ಹೆದರಿಕೆ, ಮಗನಿಗೆ ಹಟ. ತಂದೆಯ ಮಾತು ಹೀಗಿತ್ತು: “ಬುದ್ದಿ, ನಮ್ಮೂರಾಗೆ ಹಾವು ಕಂಡ್ರೆ ಹೊಡೆಯೋರೇ ಎಲ್ಲ. ನನ್ನ ಮಗ ಹೊಡೆದಿಲ್ಲ, ಸಾಕವ್ನೆ. ಇದ್ರಾಗೆ ತಪ್ಪೇನೈತೆ ಹೇಳಿ.”

ಪೂಜ್ಯರು ತಪ್ಪೆಂದೂ ಹೇಳಲಿಲ್ಲ, ಸರಿಯೆಂದೂ ಹೇಳಲಿಲ್ಲ. “ಅದು ಏನು ತಿನ್ನುತ್ತದಪ್ಪಾ?” ಎಂದಷ್ಟೇ ಕೇಳಿದರು. ಎಂಟು ದಿನದಿಂದ ಅದು ಏನನ್ನೂ ತಿಂದಿರಲಿಲ್ಲ. ಬಟ್ಟಲಲ್ಲಿ ಇಟ್ಟ ಹಾಲನ್ನು ಅದು ಮೂಸಿಯೂ ನೋಡಲಿಲ್ಲವಂತೆ. ಕೊನೆಗೆ ಹುಡುಗನು ಓಣಿಯ ಮಕ್ಕಳಿಗೆ ಚಿಲ್ಲರೆ ಕಾಸು ಕೊಟ್ಟು ಜೀವಂತ ಹಲ್ಲಿ, ಓತಿಕ್ಯಾತಗಳನ್ನು ಹಿಡಿಸಲು ಹೊರಟಿದ್ದನು. ಈ ಮಾತನ್ನು ಹೇಳುವಾಗ ಆ ತಂದೆಯ ದನಿ ತಾನಾಗಿಯೇ ತಗ್ಗಿತು. ದಿನವೂ ಇಷ್ಟಲಿಂಗಪೂಜೆ ನಡೆಯುವ ಮನೆ ಅವರದು.

ಈ ಜೀವಿಯ ಪರಿಚಯ

ನಮ್ಮ ಸೀಮೆಯಲ್ಲಿ ಹಸಿರು ಹಾವು, ಬಳ್ಳಿ ಹಾವು ಎಂದು ಕರೆಯುವ ಇದನ್ನು ತೆಲುಗರು ಪಸಿರಿಕ ಪಾಮು ಎನ್ನುತ್ತಾರೆ. ಬೇಲಿಯ ಬಳ್ಳಿಯಂತೆ ಸಪೂರವಾದ ಮೈ, ಚೂಪಾದ ಮೂತಿ, ಎಳೆಯ ಎಲೆಯ ಬಣ್ಣ. ಹಗಲಿನಲ್ಲಿಯೇ ಬೇಟೆಯಾಡುವ ಹಾವು ಇದು. ಗಾಳಿಗೆ ಕೊಂಬೆ ತೂಗಿದರೆ ಇದೂ ಮೈಯನ್ನು ತೂಗುತ್ತಾ ಎಲೆಗಳ ನಡುವೆ ಎಲೆಯೇ ಆಗಿಬಿಡುತ್ತದೆ. ಇದರ ಕಣ್ಣಿನ ಪಾಪೆ ಅಡ್ಡಲಾಗಿ ಸೀಳಿದಂತಿದ್ದು, ಕಣ್ಣಿನ ಮುಂದೆ ಮೂತಿಯ ಎರಡೂ ಬದಿಗೆ ತೋಡಿನಂತಹ ಗುಳಿಯಿದೆ. ಇದರಿಂದಾಗಿ ಎರಡೂ ಕಣ್ಣುಗಳಿಂದ ಒಂದೇ ಗುರಿಯನ್ನು ನೋಡಿ ದೂರವನ್ನು ಅಳೆಯಬಲ್ಲದು. ಹಾವುಗಳಲ್ಲಿ ಇಂತಹ ದೃಷ್ಟಿ ಅಪರೂಪ. ಬಹುಪಾಲು ಹಾವುಗಳು ಮೊಟ್ಟೆಯಿಡುತ್ತವೆ, ಇದು ಮಾತ್ರ ಮರಿಗಳನ್ನೇ ಹಾಕುತ್ತದೆ.

ಇದು ಹಾರಿ ಬಂದು ಕಣ್ಣು ಕುಕ್ಕುತ್ತದೆ ಎಂಬ ಭಯ ದಕ್ಷಿಣ ಭಾರತದಲ್ಲೆಲ್ಲಾ ಹಬ್ಬಿದೆ. ಸಿಂಹಳದಲ್ಲಿಯೂ ಅದೇ ಭಯ. ಇದರ ಶಾಸ್ತ್ರೀಯ ಹೆಸರಾದ ಅಹೇತುಲ್ಲಾ ಎಂಬ ಶಬ್ದ ಸಿಂಹಳ ಭಾಷೆಯಿಂದ ಬಂದುದು, ಅದರ ಅರ್ಥ ಕಣ್ಣು ಕೀಳುವುದು ಎಂದೇ. ವಾಸ್ತವದಲ್ಲಿ ಇದು ಬೆದರಿದಾಗ ಬಾಯಿ ಅಗಲಿಸಿ, ಕತ್ತನ್ನು ಉಬ್ಬಿಸಿ, ಚರ್ಮದ ನಡುವಿನ ಕಪ್ಪು ಬಿಳುಪು ಗೀರುಗಳನ್ನು ತೋರಿಸಿ ಹೆದರಿಸುತ್ತದೆ. ದವಡೆಯ ಹಿಂಬದಿಯ ಹಲ್ಲುಗಳಲ್ಲಿ ಸೌಮ್ಯವಾದ ವಿಷವಿದ್ದು, ಕಚ್ಚಿದರೆ ನೋವು, ಸ್ವಲ್ಪ ಬಾವು ಬರಬಹುದು. ಮನುಷ್ಯರ ಪ್ರಾಣಕ್ಕೆ ಅಪಾಯವಿಲ್ಲ.

ಹಾಗೆಂದು ಹಾವಿನ ಭಯವೆಲ್ಲವೂ ಮೂಢನಂಬಿಕೆಯೆಂದು ನಾವು ಹೇಳುವುದಿಲ್ಲ. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸಾಯುತ್ತಾರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿದೆ. ಇದರಲ್ಲಿ ಅರ್ಧದಷ್ಟು ಸಾವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರಿನ ತಿಂಗಳುಗಳಲ್ಲಿ. ಸಾವು ಹೆಚ್ಚಾಗಿರುವ ರಾಜ್ಯಗಳಲ್ಲಿ ಆಂಧ್ರವೂ ಸೇರಿದೆ. ಆದರೆ ಈ ಸಾವುಗಳಿಗೆ ಮುಖ್ಯವಾಗಿ ಕಾರಣವಾದವು ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ ಎಂಬ ನಾಲ್ಕು ಹಾವುಗಳು. ನಾಲ್ಕರ ಪಾಪವನ್ನು ಹಸಿರು ಹಾವಿನ ತಲೆಗೆ ಕಟ್ಟುವುದು ನ್ಯಾಯವಲ್ಲ. ಕಚ್ಚಿದ ಹಾವು ಯಾವುದೆಂದು ಗೊತ್ತಿಲ್ಲದಿದ್ದರೆ ಮಂತ್ರ, ಬೇರು ಎಂದು ಹೊತ್ತು ಕಳೆಯದೆ ಆಸ್ಪತ್ರೆಗೆ ಹೋಗಬೇಕೆಂಬುದನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ.

ಪಾಲನೆಯ ಲೆಕ್ಕ

ಹೊಸದೊಂದು ವ್ಯಾಪಾರಕ್ಕೆ ಕೈಹಾಕುವ ಮುನ್ನ ನಮ್ಮ ವರ್ತಕ ಬಂಧುಗಳು ಬಂಡವಾಳ, ಖರ್ಚು, ಹೊಣೆ ಮೂರನ್ನೂ ಲೆಕ್ಕ ಹಾಕುತ್ತಾರೆ. ಜೀವವನ್ನು ಮನೆಗೆ ತರುವವರೂ ಹಾಗೆಯೇ ಲೆಕ್ಕ ಹಾಕಬೇಕು. ಮರದ ಹಾವನ್ನು ಸಾಕುವ ಲೆಕ್ಕ ಹೇಗಿದೆ ನೋಡೋಣ.

ಮೊದಲನೆಯದು ಆಹಾರ. ಹಸಿರು ಹಾವು ತಿನ್ನುವುದು ಹಲ್ಲಿ, ಓತಿಕ್ಯಾತ, ಕಪ್ಪೆ, ಸಣ್ಣ ಹಕ್ಕಿ ಇಂಥವನ್ನು. ಕೊಂಬೆಯ ಮೇಲೆ ಅಲುಗಾಡುವ ಬೇಟೆಯನ್ನು ಕಣ್ಣಿನಿಂದ ಗುರಿಯಿಟ್ಟು ಹಿಡಿಯುವುದು ಇದರ ಹುಟ್ಟುಗುಣ. ಹಿಡಿದು ಇಟ್ಟಾಗ ಎಷ್ಟೋ ಹಾವುಗಳು ಆಹಾರವನ್ನೇ ಮುಟ್ಟದೆ ಸೊರಗುತ್ತವೆ. ಹಾಲಂತೂ ಯಾವ ಹಾವಿನ ಆಹಾರವೂ ಅಲ್ಲ. ಆದುದರಿಂದ ಇದನ್ನು ಸಾಕುತ್ತೇನೆ ಎನ್ನುವವನು ವಾರವಾರವೂ ಬೇರೆ ಜೀವಗಳನ್ನು ಹಿಡಿದು ತರಲೇಬೇಕು.

ಮರದ ಮೇಲೆ ಹಾವು ಹಲ್ಲಿಯನ್ನು ತಿಂದರೆ ಅದರಲ್ಲಿ ಪಾಪವಿಲ್ಲ. ಅದು ಅದರ ಸ್ವಭಾವ, ಅದರ ಕಾಯಕ. ಹಲ್ಲಿಗೂ ಓಡಲು ದಾರಿಯಿರುತ್ತದೆ, ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಹಲ್ಲಿಯನ್ನು ಬಿಟ್ಟು ಮುಚ್ಚಳ ಹಾಕಿದವರು ನಾವಾದರೆ ಆ ಕೊಲೆ ಹಾವಿನ ಲೆಕ್ಕಕ್ಕೆ ಸೇರುವುದಿಲ್ಲ, ನಮ್ಮ ಲೆಕ್ಕಕ್ಕೆ ಸೇರುತ್ತದೆ. ಮಾಂಸವನ್ನು ಮುಟ್ಟದ ಮನೆಯವರು ಒಂದು ಜೀವವನ್ನು ನೋಡಿ ಸಂತೋಷಪಡುವುದಕ್ಕಾಗಿ ನೂರು ಜೀವಗಳನ್ನು ಹಿಡಿದು ಕೊಡುವುದು ಯಾವ ದಯೆ?

ಎರಡನೆಯದು ವಾಸ. ಮರದ ಹಾವಿಗೆ ಎತ್ತರ ಬೇಕು, ಒತ್ತಾದ ಕೊಂಬೆ ಎಲೆಗಳ ಮರೆ ಬೇಕು, ಬಿಸಿಲು ನೆರಳು ಎರಡೂ ಬೇಕು, ಎಲೆಯ ಮೇಲಿನ ನೀರಿನ ಹನಿ ಬೇಕು. ಗಾಜೆಂಬುದು ಅದಕ್ಕೆ ಅರ್ಥವಾಗುವುದಿಲ್ಲ. ಹೊರಗೆ ಹೋಗಲು ಮೂತಿಯನ್ನು ಮತ್ತೆ ಮತ್ತೆ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ.

ಮೂರನೆಯದು ಒಡನಾಟ. ನಾಯಿ ಬಾಲ ಅಲ್ಲಾಡಿಸುತ್ತದೆ, ಹಸು ಕರೆದರೆ ತಿರುಗಿ ನೋಡುತ್ತದೆ. ಎತ್ತಿಗೂ ನಮಗೂ ಸಾವಿರಾರು ವರ್ಷಗಳ ಒಪ್ಪಂದವಿದೆ. ಅದು ದುಡಿಯುತ್ತದೆ, ನಾವು ಮೇವು ನೀರು ಕೊಟ್ಟು ಮೈ ತೊಳೆಯುತ್ತೇವೆ, ಕಾರಹುಣ್ಣಿಮೆಗೆ ಸಿಂಗರಿಸುತ್ತೇವೆ. ಹಾವಿನೊಡನೆ ಅಂತಹ ಒಪ್ಪಂದವೇ ಇಲ್ಲ. ಕೈಯಲ್ಲಿ ಹಿಡಿದಾಗ ಅದು ಸುಮ್ಮನಿದ್ದರೆ ಒಲಿದಿದೆ ಎಂದು ಹಿಡಿದವನು ತಿಳಿಯುತ್ತಾನೆ. ಹಸಿರು ಹಾವು ಅಪಾಯ ಕಂಡಾಗಲೂ ಬಳ್ಳಿಯಂತೆ ನಿಶ್ಚಲವಾಗುತ್ತದೆ. ಸುಮ್ಮನಿರುವಿಕೆಯಲ್ಲಿ ಭಯವೂ ಇರಬಹುದೆಂಬುದನ್ನು ನಾವು ಮರೆಯುತ್ತೇವೆ.

ಈ ಲೆಕ್ಕವನ್ನೆಲ್ಲಾ ಆ ಹುಡುಗನ ಮುಂದಿಟ್ಟಾಗ ಅವನು ವಾದ ಮಾಡಲಿಲ್ಲ. ಅರಣ್ಯ ಇಲಾಖೆಯ ಸಿಬ್ಬಂದಿಗೆ ತಿಳಿಸಿ, ಅವರ ಎದುರಿನಲ್ಲಿಯೇ ಹಾವನ್ನು ಅದು ಸಿಕ್ಕ ಹುಣಸೆಮರಕ್ಕೆ ಬಿಡಿಸಲಾಯಿತು.

ಹೊರದೇಶದ ಹಾವಾದರೆ?

ನಮ್ಮ ಹಾವು ಬೇಡ, ಹಣ ಕೊಟ್ಟು ಪರದೇಶದ್ದನ್ನು ತರಿಸಿದರೆ ಯಾರಿಗೇನು ನಷ್ಟ ಎಂದು ಕೇಳುವವರಿದ್ದಾರೆ. ಇವರು ಬಯಸುವುದು ನ್ಯೂಗಿನಿ ದ್ವೀಪದ ಕಾಡಿನ ಹಸಿರು ಮರ ಹೆಬ್ಬಾವು ಮುಂತಾದವನ್ನು. ಮರಿಯಿದ್ದಾಗ ಹಳದಿ ಅಥವಾ ಕೆಂಪಾಗಿದ್ದು, ಬೆಳೆದಂತೆ ಹಸಿರಾಗುವ ಈ ಹಾವು ನೋಡಲು ಅತಿ ಸುಂದರ. ವಿಷವಿಲ್ಲ, ಆದರೆ ಉದ್ದವಾದ ಹಲ್ಲುಗಳಿವೆ. ಸದಾ ತೇವದ ಕಾಡಿನ ಈ ಜೀವಿಯನ್ನು ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನಮ್ಮ ನಾಡಿಗೆ ತಂದರೆ, ಪೆಟ್ಟಿಗೆಯೊಳಗೆ ಹಗಲಿರುಳೂ ಮಳೆಗಾಲವನ್ನು ಕೃತಕವಾಗಿ ಮಾಡಿಕೊಡಬೇಕು. ವಿದ್ಯುತ್ ಹೋದ ದಿನ ಅದರ ಗತಿಯೇನು? ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷ ಬಾಳಬಲ್ಲ ಜೀವ ಇದು. ತಂದ ಹುಡುಗನು ನೌಕರಿಗೆಂದು ಬೆಂಗಳೂರಿಗೆ ಹೋದಮೇಲೆ ಇದರ ಹೊಣೆ ವಯಸ್ಸಾದ ತಾಯಿತಂದೆಯರ ಮೇಲೆ ಬೀಳುತ್ತದೆ.

ಇವು ಕಾಡಿನಿಂದ ಹಿಡಿದವಲ್ಲ, ಸಾಕಣೆ ಕೇಂದ್ರದಲ್ಲಿ ಹುಟ್ಟಿದವು ಎಂದು ಮಾರುವವರು ಹೇಳುತ್ತಾರೆ. ಇಂಡೋನೇಷ್ಯಾದಿಂದ ಹೀಗೆ ರಫ್ತಾಗುತ್ತಿದ್ದ ಹಸಿರು ಹೆಬ್ಬಾವುಗಳಲ್ಲಿ ಶೇಕಡಾ 80ರಷ್ಟಾದರೂ ಕಾಡಿನಿಂದ ಕಾನೂನುಬಾಹಿರವಾಗಿ ಹಿಡಿದವೇ ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಸಾಗಣೆಯ ಕ್ರೌರ್ಯ ಬೇರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ 55 ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು ಸಿಕ್ಕವು. ಅವುಗಳ ಜೊತೆಗಿದ್ದ 6 ಕೋತಿಗಳು ಸತ್ತಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಪೆಟ್ಟಿಗೆಯಲ್ಲಿ 10 ಹಳದಿ ಅನಕೊಂಡಾಗಳು ದೊರೆತವು. ಕೊಳ್ಳುವವನಿಲ್ಲದಿದ್ದರೆ ಈ ವ್ಯಾಪಾರವೇ ಇರುತ್ತಿರಲಿಲ್ಲ ಎಂಬುದು ವರ್ತಕರಿಗೆ ನಾವು ಹೇಳಿಕೊಡಬೇಕಾದ ಮಾತಲ್ಲ.

ಕಾನೂನಿನ ಮಾತನ್ನೂ ತಿಳಿದಿರಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಮ್ಮ ನಾಡಿನ ಹಾವುಗಳನ್ನು ಹಿಡಿದು ಸಾಕುವುದು, ಮಾರುವುದು ಅಪರಾಧ. ಪಂಜರದ ಗಿಳಿಗೂ ಇದೇ ಕಾಯಿದೆ ಅನ್ವಯಿಸುತ್ತದೆ ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 2022ರ ತಿದ್ದುಪಡಿಯ ನಂತರ ಸಾಮಾನ್ಯ ಅಪರಾಧಗಳಿಗೆ 3 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಇವೆ. ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಹೊರದೇಶದ ಪ್ರಾಣಿಗಳನ್ನು ಇಟ್ಟುಕೊಂಡವರು ಅವುಗಳನ್ನು ಸರ್ಕಾರದಲ್ಲಿ ನೋಂದಾಯಿಸಬೇಕೆಂದು 2024ರಲ್ಲಿ ನಿಯಮಗಳು ಬಂದಿವೆ. ಗಡಿಯ ಆಚೆಗಾಗಲಿ ಈಚೆಗಾಗಲಿ ಈ ಕಾನೂನು ಒಂದೇ. ಆದರೆ ದಂಡಕ್ಕೆ ಅಂಜಿ ಬಿಡುವುದು ಬೇರೆ, ತಿಳಿದು ಬಿಡುವುದು ಬೇರೆ. ಶ್ರೀಮಠವು ಬಯಸುವುದು ಎರಡನೆಯದನ್ನು.

ಆಕ್ಷೇಪಗಳಿಗೆ ಉತ್ತರ

ಹುಡುಗನ ಪರವಾಗಿ ಹೇಳಬಹುದಾದ ಒಂದು ಗಟ್ಟಿಯಾದ ಮಾತಿದೆ. ಹೊರಗೆ ಬಿಟ್ಟರೆ ನಾಳೆ ಯಾರಾದರೂ ದೊಣ್ಣೆಯಿಂದ ಹೊಡೆದೇ ಹೊಡೆಯುತ್ತಾರೆ, ಪೆಟ್ಟಿಗೆಯಲ್ಲಿದ್ದರೆ ಜೀವವಾದರೂ ಉಳಿಯುತ್ತದೆ ಎಂಬುದು ಅದು. ಇದನ್ನು ತಳ್ಳಿಹಾಕುವಂತಿಲ್ಲ. ಆದರೆ ದೊಣ್ಣೆ ಹಿಡಿದ ಊರು ಹಾಗೆಯೇ ಇರಲಿ, ಹಾವು ಮಾತ್ರ ಸೆರೆಗೆ ಹೋಗಲಿ ಎಂದಂತಾಯಿತು. ತಿದ್ದಬೇಕಾದುದು ಊರನ್ನು. ಆಪತ್ತಿನಲ್ಲಿರುವ ಜೀವಕ್ಕೆ ಒಂದು ರಾತ್ರಿಯ ಆಶ್ರಯ ಕೊಡುವುದು ದಯೆ. ಆಶ್ರಯದ ನೆಪದಲ್ಲಿ ಬಾಳಿಡೀ ಹಿಡಿದಿಡುವುದು ಒಡೆತನ.

ಹತ್ತಿರದಿಂದ ನೋಡಿದರಲ್ಲವೇ ಭಯ ಹೋಗುವುದು ಎಂಬುದು ಇನ್ನೊಂದು ಮಾತು. ಇದೂ ನಿಜ. ಆದರೆ ಹಸಿರು ಹಾವನ್ನು ನೋಡಲು ಗಾಜಿನ ಪೆಟ್ಟಿಗೆ ಬೇಕಿಲ್ಲ. ಹಗಲಿನಲ್ಲಿಯೇ ಕೊಂಬೆಯ ಮೇಲೆ ಬಹಳ ಹೊತ್ತು ಅಲುಗದೆ ಇರುವ ಹಾವು ಇದು. ನಾಲ್ಕು ಮಾರು ದೂರದಲ್ಲಿ ತಾಳ್ಮೆಯಿಂದ ನಿಂತರೆ ಸಾಕು. ಮಕ್ಕಳಿಗೆ ತೋರಿಸುವ ತಂದೆತಾಯಿಗಳು ಹೀಗೆ ತೋರಿಸಲಿ.

ಮೂರನೆಯ ಮಾತು ಭಕ್ತಿಯದು. ಶಿವನ ಕೊರಳಲ್ಲಿಯೇ ಹಾವಿರುವಾಗ ಭಕ್ತನ ಕೈಯಲ್ಲಿದ್ದರೆ ತಪ್ಪೇ ಎಂದು ಒಬ್ಬರು ನಮ್ಮನ್ನು ಕೇಳಿದ್ದುಂಟು. ಶಿವನು ಅದನ್ನು ಪೆಟ್ಟಿಗೆಯಲ್ಲಿಟ್ಟಿಲ್ಲ, ಬೀಗ ಹಾಕಿಲ್ಲ. ಭಯವಿಲ್ಲದ ಕೊರಳೆಂದು ಅದು ತಾನಾಗಿ ಬಂದು ನೆಲೆಸಿದೆ, ಬಿಟ್ಟುಹೋಗಲು ಅದಕ್ಕೆ ಅಡ್ಡಿಯಿಲ್ಲ ಎಂದು ನಾವು ಉತ್ತರಿಸಿದೆವು.

ಮೂರು ದಾರಿ, ಒಂದೇ ತಪ್ಪು

ನಮ್ಮ ಸುತ್ತಿನ ನಾಡು ಹಾವಿನ ನೆನಪಿಲ್ಲದ ನಾಡಲ್ಲ. ಮಡಕಶಿರಾದ ನೆರೆಯ ಪಾವಗಡದ ಹೆಸರಿಗೇ ಹಾವಿನ ಬೆಟ್ಟವೆಂದು ಅರ್ಥ ಹೇಳುತ್ತಾರೆ. ಆ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಹೆಡೆಯೆತ್ತಿದ ನಾಗಶಿಲೆಗೆ ಪೂಜೆ ನಡೆಯುತ್ತದೆ. ಕಲ್ಲಿನ ನಾಗನಿಗೆ ಹಾಲು, ಜೀವಂತ ನಾಗನಿಗೆ ಸಾವು ಎಂಬ ಲೋಕದ ಇಬ್ಬಗೆಯ ನ್ಯಾಯವನ್ನು ಬಸವಣ್ಣನವರು 12ನೇ ಶತಮಾನದಲ್ಲಿಯೇ ತಮ್ಮ ವಚನವೊಂದರಲ್ಲಿ ಎತ್ತಿ ತೋರಿಸಿದರು. ಇಂದು ಕರ್ನಾಟಕದ ಹಲವು ಕಡೆ ನಾಗರಪಂಚಮಿಯನ್ನು ಬಸವ ಪಂಚಮಿಯೆಂದು ಆಚರಿಸಿ, ಕಲ್ಲಿಗೆ ಎರೆಯುವ ಹಾಲನ್ನು ಮಕ್ಕಳಿಗೆ ಕುಡಿಸುವ ಪದ್ಧತಿ ಬೆಳೆದಿದೆ.

ಆ ಎರಡು ದಾರಿಗಳಿಗೆ ನಮ್ಮ ಕಾಲ ಮೂರನೆಯದೊಂದನ್ನು ಸೇರಿಸಿದೆ. ಒಬ್ಬನು ಹಾವನ್ನು ದೇವರೆಂದು ಪೂಜಿಸುತ್ತಾನೆ, ಒಬ್ಬನು ಶತ್ರುವೆಂದು ಕೊಲ್ಲುತ್ತಾನೆ, ಮತ್ತೊಬ್ಬನು ಚೆಲುವಾದ ವಸ್ತುವೆಂದು ಕೂಡಿಹಾಕುತ್ತಾನೆ. ಮೇಲುನೋಟಕ್ಕೆ ಮೂವರೂ ಬೇರೆ ಬೇರೆ. ಆದರೆ ಮೂವರೂ ನೋಡುವುದು ತಮ್ಮನ್ನೇ. ಮೊದಲನೆಯವನು ತನಗೆ ಬರುವ ವರವನ್ನು, ಎರಡನೆಯವನು ತನ್ನ ಭಯವನ್ನು, ಮೂರನೆಯವನು ತನ್ನ ಆಸೆಯನ್ನು. ಹಾವೆಂಬುದು ತನ್ನ ಪಾಡಿಗೆ ತಾನು ಬಾಳುವ ಒಂದು ಜೀವ ಎಂದು ಕಾಣುವವನು ಇವರಲ್ಲಿ ಯಾರೂ ಇಲ್ಲ. ಜೀವವನ್ನು ಜೀವವಾಗಿ ಕಾಣುವುದೇ ದಯೆಯ ಮೊದಲ ಮೆಟ್ಟಿಲು.

ತನ್ನ ನೆಲೆಯ ವಿಚಾರದಲ್ಲಿ ತನ್ನನ್ನು ಕೇಳದೆ ಇನ್ನೊಬ್ಬರು ತೀರ್ಮಾನ ಮಾಡಿದರೆ ಹೇಗಿರುತ್ತದೆಂದು ಗಡಿನಾಡಿನ ನಮಗೆ ಹೊಸದಾಗಿ ಹೇಳಬೇಕಿಲ್ಲ. 1953ರಲ್ಲಿ ರಾಯದುರ್ಗವು ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರಕ್ಕೆ ಸೇರಿತು. 2022ರ ಏಪ್ರಿಲ್‌ನಲ್ಲಿ ಮಡಕಶಿರಾ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ನಾವಾದರೋ ನಮ್ಮ ಹೊಲ ಮನೆಗಳಲ್ಲಿಯೇ ಉಳಿದೆವು. ಪೆಟ್ಟಿಗೆಗೆ ಬಿದ್ದ ಹಾವಿಗೆ ಅಷ್ಟು ಭಾಗ್ಯವೂ ಇಲ್ಲ.

ಹಾಗಾದರೆ ಮಾಡಬೇಕಾದುದೇನು?

ಹಾವನ್ನು ನಿಜವಾಗಿ ಕಾಯಬೇಕೆಂಬ ಮನಸ್ಸುಳ್ಳವರಿಗೆ ಕೆಲಸ ಬೇಕಾದಷ್ಟಿದೆ. ಹೊಲದ ಬೇಲಿಯನ್ನು ಒಂದೇ ಸಲಕ್ಕೆ ಸುಟ್ಟು ಬೋಳಿಸದೆ, ಬದುವಿನ ಹೊಂಗೆ, ಬೇವು, ಹುಣಸೆಗಳನ್ನು ಉಳಿಸಿಕೊಳ್ಳಿ. ಬೆಳೆಯ ಸುತ್ತ ಕಟ್ಟಿದ ನೈಲಾನ್ ಬಲೆಯನ್ನು ಕೆಲಸ ಮುಗಿದ ಮೇಲೆ ಸುತ್ತಿಡಿ, ಅದರಲ್ಲಿ ಸಿಕ್ಕ ಹಾವು ಬಿಡಿಸಿಕೊಳ್ಳಲಾರದೆ ಸಾಯುತ್ತದೆ. ಮನೆಯೊಳಗೆ ಹಾವು ಬಂದರೆ ಕೋಲು ಹುಡುಕುವ ಮೊದಲು ಅರಣ್ಯ ಇಲಾಖೆಗೆ ತಿಳಿಸಿ. ರಾತ್ರಿ ಹೊಲಕ್ಕೆ ಹೋಗುವಾಗ ಬ್ಯಾಟರಿ ದೀಪ, ಕಾಲಿಗೆ ಗಟ್ಟಿ ಮೆಟ್ಟು ಇರಲಿ. ನಮ್ಮ ಜೀವವನ್ನು ಕಾಯ್ದುಕೊಳ್ಳುವುದೂ ದಯೆಯೇ, ಭಯ ಕಡಿಮೆಯಾದ ಕೈ ಹಾವನ್ನೂ ಹೊಡೆಯುವುದಿಲ್ಲ.

ಇದರಿಂದ ಲಾಭವೇನೆಂದು ಕೇಳಿದರೆ ನಿಜವನ್ನೇ ಹೇಳುತ್ತೇವೆ. ಕೇರೆಹಾವು ಇಲಿಗಳನ್ನು ತಿಂದು ಕಡಲೆಕಾಯಿಯ ರಾಶಿಯನ್ನು ಕಾಯುತ್ತದೆ, ಅದರ ಉಪಕಾರ ರೈತನ ಕಣ್ಣಿಗೆ ಕಾಣುತ್ತದೆ. ಹಸಿರು ಹಾವಿನಿಂದ ಅಷ್ಟು ನೇರವಾದ ಉಪಕಾರವಿಲ್ಲ. ಲಾಭವಿದ್ದಲ್ಲಿ ತೋರುವ ದಯೆ ಅರ್ಧ ವ್ಯಾಪಾರ. ಹಸಿರು ಹಾವು ಉಳಿದರೆ ಅದಕ್ಕಲ್ಲದೆ ಮತ್ತಾರಿಗೂ ಹೆಚ್ಚಿನ ಲಾಭವಿಲ್ಲ ಎಂದು ತಿಳಿದೂ ಉಳಿಸಿದವನ ದಯೆ ಪೂರ್ಣವಾದುದು.

ಕನ್ನಡದಲ್ಲಿ ಸಾಕು ಎಂಬ ಮಾತಿಗೆ ಎರಡು ಅರ್ಥಗಳಿವೆ. ಸಲಹು ಎಂಬುದು ಒಂದು, ಇಷ್ಟಕ್ಕೆ ನಿಲ್ಲಿಸು ಎಂಬುದು ಇನ್ನೊಂದು. ಮನೆಯ ದನಕರುಗಳ ವಿಷಯದಲ್ಲಿ ಮೊದಲನೆಯ ಅರ್ಥವನ್ನು ನಡೆಸೋಣ. ಮರದ ಮೇಲಿನ ಜೀವಿಗಳ ವಿಷಯದಲ್ಲಿ ಎರಡನೆಯದನ್ನು ನಡೆಸೋಣ. ನೋಡಿದ್ದು ಸಾಕು, ಕಣ್ಣು ತುಂಬಿದ್ದು ಸಾಕು, ಮರವನ್ನು ಉಳಿಸಿದರೆ ಅಷ್ಟೇ ಸಾಕು.

ಕಾರ್ಯದರ್ಶಿ, ಶ್ರೀಮಠ